ಇಂಗ್ಲೆಂಡಿನಲ್ಲಿ ಒಡವೆ, ವಾಚಿಗೆ ಬೆಲೆ ಕಟ್ಟಿಸುವುದು ಹೇಗೆ?

ಮನೆ ಸಾಮಾನಿಗೆ ಕಂಟೆಂಟ್ಸ್ ಇನ್ಶೂರೆನ್ಸ್ ಇದೆ, ಒಡವೆಯೂ ಅದರಲ್ಲೇ ಬಂತು ಅಂತ ಹೊಸಬರು ನಂಬಿರುತ್ತಾರೆ. ಪೂರ್ತಿ ಬರುವುದಿಲ್ಲ. ಪಾಲಿಸಿಯಲ್ಲಿ ಒಂದೊಂದು ವಸ್ತುವಿಗೂ ಮಿತಿ ಇರುತ್ತದೆ, ಎಷ್ಟೋ ಕಡೆ ಅದು 1,500 ಪೌಂಡಿನ ಆಸುಪಾಸು. ಈಗಿನ ಚಿನ್ನದ ದರದಲ್ಲಿ ಒಂದು ಜೊತೆ ದಪ್ಪ ಬಳೆಯೇ ಅದನ್ನು ದಾಟುತ್ತದೆ. ಮಿತಿ ದಾಟಿದ್ದನ್ನು ಪಾಲಿಸಿಯಲ್ಲಿ ಬಿಡಿಬಿಡಿಯಾಗಿ ಬರೆಸಬೇಕು. ಕಂಪನಿ ಆಗಲೇ ವ್ಯಾಲ್ಯುಯೇಶನ್, ಅಂದರೆ ತಜ್ಞರು ಬೆಲೆ ಕಟ್ಟಿದ ವರದಿ, ಕೇಳಬಹುದು. ಕೇಳಲಿಲ್ಲ ಅಂತ ಸುಮ್ನೆ ಕೂತರೆ ಕಳ್ಳತನ ಆದ ಮೇಲೆ ಕೇಳುತ್ತಾರೆ, ಆಗ ತೋರಿಸಲು ಒಡವೆಯೇ ಇರುವುದಿಲ್ಲ. ದೀಪಾವಳಿ ಬಂತೆಂದರೆ ಇಲ್ಲಿನ ಪೊಲೀಸರೇ ನಮ್ಮಂಥವರ ಮನೆಗಳಿಗೆ ಚಿನ್ನ ಜೋಪಾನ ಅಂತ ಹೇಳುತ್ತಾರೆ ಅಂದರೆ ನೋಡಿ.

ಲೆಸ್ಟರಿನ ಬೆಲ್‌ಗ್ರೇವ್ ರೋಡಿನಲ್ಲೋ ಸೌತಾಲಿನಲ್ಲೋ ಪರಿಚಯದ ಅಂಗಡಿಗೆ ಹೋಗಿ ತೂಗಿಸಿ, ಆ ದಿನದ ದರ ಹಾಕಿಸಿ ಚೀಟಿ ತರುವವರಿದ್ದಾರೆ. ಅದು ಲೋಹದ ಬೆಲೆ ಅಷ್ಟೇ. ವಿಮೆಗೆ ಬೇಕಾದದ್ದು ಅಂಥದೇ ಒಡವೆಯನ್ನು ಹೊಸದಾಗಿ ಮಾಡಿಸಲು ಎಷ್ಟಾಗುತ್ತದೆ ಎಂಬ ಲೆಕ್ಕ. ಅದರಲ್ಲಿ ಮಜೂರಿ, ಇಲ್ಲಿನ ಶೇಕಡಾ 20ರ ವ್ಯಾಟ್ ಎಲ್ಲ ಸೇರುತ್ತದೆ. ಮಾರಲು ಹೋದರೆ ಅಷ್ಟು ಸಿಗುವುದಿಲ್ಲ. ತೀರಿಕೊಂಡವರ ಆಸ್ತಿ ಹಂಚಿಕೆಗೆ ಬರೆಯುವ ಪ್ರೊಬೇಟ್ ಬೆಲೆಯೂ ಬೇರೆ. ಅದಕ್ಕೇ ಮೊದಲ ಮಾತಿನಲ್ಲೇ ‘ಇನ್ಶೂರೆನ್ಸ್ ರೀಪ್ಲೇಸ್‌ಮೆಂಟ್’ ಬೆಲೆ ಬೇಕು ಅಂತ ಹೇಳಿಬಿಡಿ.

ಯಾರ ಹತ್ತಿರ ಹೋಗಬೇಕು? ನ್ಯಾಷನಲ್ ಅಸೋಸಿಯೇಷನ್ ಆಫ್ ಜ್ಯುವೆಲರ್ಸ್‌ನ ಕೆಳಗೆ ಇನ್‌ಸ್ಟಿಟ್ಯೂಟ್ ಆಫ್ ರಿಜಿಸ್ಟರ್ಡ್ ವ್ಯಾಲ್ಯುಯರ್ಸ್ ಇದೆ, ಅದರ ಪಟ್ಟಿಯಲ್ಲಿ ನಿಮ್ಮೂರಿನ ಹತ್ತಿರದವರನ್ನು ಹುಡುಕಬಹುದು. ಬರ್ಮಿಂಗ್‌ಹ್ಯಾಮ್ ಅಸ್ಸೇ ಆಫೀಸಿಗೂ (ಚಿನ್ನದ ಶುದ್ಧತೆ ಪರೀಕ್ಷಿಸಿ ಮುದ್ರೆ ಒತ್ತುವ ಕಚೇರಿ) ತನ್ನದೇ ವ್ಯಾಲ್ಯುಯೇಶನ್ ಸೇವೆ ಇದೆ. ಫೀಸನ್ನು ಒಡವೆಗೆ ಇಷ್ಟು ಅಂತಲೋ ಗಂಟೆಗೆ ಇಷ್ಟು ಅಂತಲೋ ಮೊದಲೇ ಮಾತಾಡಿಕೊಳ್ಳಿ. ಒಟ್ಟು ಬೆಲೆಯ ಮೇಲೆ ಪರ್ಸೆಂಟ್ ಕೇಳುವವರಿಂದ ದೂರ ಇರಿ. ಬೆಲೆ ಏರಿಸಿದಷ್ಟೂ ಅವರಿಗೇ ಲಾಭ ಅಲ್ವಾ?

ನಿಮ್ಮ ಕೆಲಸ ಶುರುವಾಗುವುದು ಇಲ್ಲಿ. ಇಂಗ್ಲಿಷ್ ವ್ಯಾಲ್ಯುಯರ್ ವಜ್ರದುಂಗುರವನ್ನು ಸಲೀಸಾಗಿ ನೋಡುತ್ತಾರೆ, ಕಾಸಿನ ಸರ ಕಂಡು ತಡವರಿಸಬಹುದು. ಊರಿನ ಬಿಲ್ ಇದ್ದರೆ ತಪ್ಪದೆ ಒಯ್ಯಿರಿ. ಅದರಲ್ಲಿ ಒಟ್ಟು ತೂಕ ಬೇರೆ, ಕಲ್ಲು ಕಳೆದು ಉಳಿದ ಚಿನ್ನದ ತೂಕ ಬೇರೆ ಇರುತ್ತದೆ, ಮಜೂರಿಯೂ ವೇಸ್ಟೇಜೂ ಕಾಣುತ್ತವೆ. ಕೊಡಗಿನ ಜೋಮಾಲೆಯ ಗುಂಡುಗಳ ಒಳಗೆ ಅರಗು ತುಂಬಿರುತ್ತದೆ. ತಕ್ಕಡಿ ತೋರಿಸಿದ್ದನ್ನೆಲ್ಲ ಚಿನ್ನ ಅಂತ ಬರೆದರೆ ಲೆಕ್ಕ ತಪ್ಪುತ್ತದೆ, ಅದನ್ನು ನೀವೇ ಬಾಯಿಬಿಟ್ಟು ಹೇಳಬೇಕು. ಹೊಸ ಒಡವೆಗಳ ಮೇಲೆ ಹಾಲ್‌ಮಾರ್ಕಿನ ಗುರುತಾಗಿ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇರುತ್ತದೆ, ಭಾರತದಲ್ಲಿ ಅದು 2021ರ ಜುಲೈನಲ್ಲಿ ಬಂತು. ಅದನ್ನೂ ವರದಿಯಲ್ಲಿ ಬರೆಸಿ. ಅಜ್ಜಿಯ ಕಾಲದ್ದರ ಮೇಲೆ ಯಾವ ಮುದ್ರೆಯೂ ಇಲ್ಲದಿದ್ದರೆ ಗಾಬರಿ ಬೇಡ, ಎಕ್ಸ್-ರೇ ಹಾಯಿಸಿ ಲೋಹ ಪರೀಕ್ಷಿಸುವ ಎಕ್ಸ್‌ಆರ್‌ಎಫ್ ಯಂತ್ರದಲ್ಲಿ ಇಟ್ಟರೆ ಒಡವೆ ಕೆಡದಂತೆ ಎಷ್ಟು ಕ್ಯಾರೆಟ್ ಅಂತ ತಿಳಿಯುತ್ತದೆ.

ವರದಿಯ ಕೊನೆಯ ಮೊತ್ತಕ್ಕಿಂತ ಅದರೊಳಗಿನ ವಿವರಣೆಯೇ ಮುಖ್ಯ ಅನ್ನುವುದು ನನ್ನ ಅಭಿಪ್ರಾಯ. ‘ಚಿನ್ನದ ನೆಕ್ಲೇಸ್, 22 ಕ್ಯಾರೆಟ್’ ಅಂತ ಒಂದೇ ಸಾಲು ಇದ್ದರೆ ಕಂಪನಿ ಯಾವುದೋ ಒಂದು ಸರ ತೋರಿಸಿ ಮುಗಿಸಬಹುದು. ಲಕ್ಷ್ಮಿಯ ಅಚ್ಚು, ಕೈಕೆಲಸ, ಕೆಂಪಿನ ಹರಳು ಎಷ್ಟು, ಉದ್ದ ಎಷ್ಟು ಎಲ್ಲ ಇರಲಿ, ಹಿಂದೆ ಮುಂದೆ ಫೋಟೋ ಇರಲಿ. ನಮ್ಮ ಒಡವೆ ಇಲ್ಲಿನ ಹೈಸ್ಟ್ರೀಟಿನಲ್ಲಿ ಸಿಗುವಂಥದ್ದಲ್ಲ. ಕಂಪನಿ ತನ್ನ ಅಂಗಡಿಯಿಂದಲೇ ಬದಲಿ ಕೊಡುತ್ತದೋ, ನೀವು ಹೇಳಿದ ಕಡೆ ಮಾಡಿಸುತ್ತದೋ, ಹಣ ಕೊಡುತ್ತದೋ ಅಂತ ಪಾಲಿಸಿ ಕೊಳ್ಳುವ ಮೊದಲೇ ಕೇಳಿ.

ವಾಚಿನ ವಿಷಯ ಸುಲಭ. ಮಾಡೆಲ್ ನಂಬರು, ಸೀರಿಯಲ್ ನಂಬರು, ಡಬ್ಬ, ಕಾಗದ ಇದ್ದರೆ ಆಯಿತು. ರೋಲೆಕ್ಸಿನ ಕೆಲವು ಮಾಡೆಲ್‌ಗಳು ಶೋರೂಮಿನಲ್ಲಿ ತಕ್ಷಣ ಸಿಗುವುದಿಲ್ಲ, ಹೊರಗೆ ಜಾಸ್ತಿ ಬೆಲೆಗೆ ಹೋಗುತ್ತವೆ. ಯಾವ ಬೆಲೆ ಹಿಡಿದಿದ್ದಾರೆ ಅಂತ ವರದಿಯಲ್ಲಿ ಸ್ಪಷ್ಟವಾಗಿರಲಿ. ಅಪ್ಪ ಕೊಟ್ಟ ಎಚ್‌ಎಂಟಿಗೆ ವ್ಯಾಲ್ಯುಯೇಶನ್ ಫೀಸ್ ಕೊಡಬೇಡಿ, ಪ್ರೀತಿಗೆ ವಿಮೆ ಸಿಗುವುದಿಲ್ಲ.

ಮೂರು ವರ್ಷಕ್ಕೊಮ್ಮೆಯಾದರೂ ಬೆಲೆ ಪರಿಷ್ಕರಿಸಿ, ಚಿನ್ನ ಈಚೆಗೆ ಏರಿದ ರೀತಿ ನೋಡಿದರೆ ಅದಕ್ಕೂ ಮೊದಲೇ ಮಾಡಿಸುವುದು ಒಳ್ಳೆಯದು. 30,000 ಪೌಂಡಿನ ಒಡವೆಗೆ 15,000 ಅಂತ ಬರೆಸಿದ್ದರೆ, ಒಂದೇ ಬಳೆ ಕಳೆದರೂ ಅದರ ಬೆಲೆಯ ಅರ್ಧ ಮಾತ್ರ ಕೊಡುವ ಪಾಲಿಸಿಗಳಿವೆ.

ಊರಿಗೆ ಹೊರಡುವ ಮುನ್ನ ಪಾಲಿಸಿಯನ್ನು ಇನ್ನೊಮ್ಮೆ ಓದಿ. ಮನೆ 30 ಅಥವಾ 60 ದಿನಕ್ಕಿಂತ ಜಾಸ್ತಿ ಖಾಲಿ ಇದ್ದರೆ ಕಳ್ಳತನದ ರಕ್ಷಣೆ ನಿಲ್ಲಿಸುವ ಕಂಪನಿಗಳು ಬೇಕಾದಷ್ಟಿವೆ. ಒಡವೆಯನ್ನು ಜೊತೆಗೆ ಒಯ್ದರೆ ಮನೆಯ ಹೊರಗೂ, ಭಾರತದಲ್ಲೂ ರಕ್ಷಣೆ ಇದೆಯೇ, ಎಷ್ಟು ದಿನ ಅಂತ ನೋಡಿಕೊಳ್ಳಿ. ಹಂಚಿಕೊಂಡ ಬಾಡಿಗೆ ಮನೆಯಲ್ಲಿದ್ದೀರಾ? ಬಾಗಿಲು ಮುರಿದು ಬಂದ ಗುರುತಿಲ್ಲದಿದ್ದರೆ ಹಣ ಕೊಡುವುದಿಲ್ಲ ಅನ್ನುವ ಷರತ್ತು ಇದ್ದೀತು. ವರದಿಯನ್ನು ಒಡವೆ ಡಬ್ಬದೊಳಗೇ ಇಡಬೇಡಿ, ಒಂದು ಪ್ರತಿಯನ್ನು ನಿಮ್ಮ ಇಮೇಲಿಗೇ ಕಳಿಸಿಕೊಳ್ಳಿ.