ಜಿಫೋರ್ಟ್ರಾನ್ ಕ್ರ್ಯಾಶ್: ತಪ್ಪು ಹೊಕ್ಕ ಕಮಿಟ್ ಹುಡುಕುವ ಬಗೆ

ಹೊಸ ಜಿಫೋರ್ಟ್ರಾನ್ (ಜಿಸಿಸಿ ಕಂಪೈಲರ್ ಸಮೂಹದ ಫೋರ್ಟ್ರಾನ್ ಕಂಪೈಲರ್) ‘ಇಂಟರ್ನಲ್ ಕಂಪೈಲರ್ ಎರರ್’ (ಕಂಪೈಲರಿನ ಒಳಗಿನದೇ ದೋಷ) ಎಂದು ನಿಂತುಬಿಟ್ಟಿತು, ಹಳೆಯದರಲ್ಲಿ ಅದೇ ಕೋಡ್ ಸರಿಯಾಗಿ ಕಂಪೈಲ್ ಆಗುತ್ತಿತ್ತು. ಅಷ್ಟಕ್ಕೇ ಅದನ್ನು ರಿಗ್ರೆಷನ್ (ಮೊದಲು ಸರಿಯಿದ್ದದ್ದು ಹೊಸ ಬದಲಾವಣೆಯಿಂದ ಕೆಟ್ಟದ್ದು) ಎನ್ನಲು ನಾನು ಒಪ್ಪುವುದಿಲ್ಲ. ಬಿಡುಗಡೆಯಾದ ಜಿಸಿಸಿಯಲ್ಲಿ ಒಳಗಿನ ತಪಾಸಣೆಗಳಲ್ಲಿ ಬಹುಪಾಲು ಬಂದ್ ಆಗಿರುತ್ತವೆ, ಅಭಿವೃದ್ಧಿ ಶಾಖೆಯಲ್ಲಿ ಚಾಲೂ ಇರುತ್ತವೆ. ಎರಡನ್ನೂ ಒಂದೇ ಚೆಕಿಂಗ್ ಆಯ್ಕೆಯಲ್ಲಿ ಬಿಲ್ಡ್ ಮಾಡಿದ ಮೇಲೂ ವ್ಯತ್ಯಾಸ ಉಳಿದರೆ ಮಾತ್ರ ಗಿಟ್ ಬೈಸೆಕ್ಟ್‌ಗೆ ಕೈಹಾಕುತ್ತೇನೆ: ಅದು ಕಮಿಟ್‌ಗಳ (ದಾಖಲಾದ ಒಂದೊಂದು ಕೋಡ್ ಬದಲಾವಣೆಯ) ಸಾಲನ್ನು ಪ್ರತಿ ಸಲ ಅರ್ಧಕ್ಕೆ ಇಳಿಸುತ್ತ ತಪ್ಪು ಹೊಕ್ಕ ಕಮಿಟ್ ಹುಡುಕುತ್ತದೆ.

ಮೊದಲು ಕೋಡ್ ಕಿರಿದಾಗಬೇಕು. ಬೇಕಾದ ಮಾಡ್ಯೂಲ್‌ಗಳನ್ನೆಲ್ಲ ಒಂದೇ ಫೈಲಿಗೆ ತಂದರೆ ಹಿಂದಿನ ಬಿಲ್ಡಿನ ಹಳೆಯ ಮಾಡ್ಯೂಲ್ ಫೈಲುಗಳು ಫಲಿತಾಂಶ ಕೆಡಿಸುವ ಕಾಟ ತಪ್ಪುತ್ತದೆ. ಆಮೇಲೆ ಒಂದೊಂದೇ ಸಬ್‌ರುಟೀನ್ ಕಿತ್ತುಹಾಕುತ್ತ ಹೋಗುವುದು. ಸಿವೈಸ್ ಎಂಬ ಕೋಡ್ ಕಿರಿದಾಗಿಸುವ ಉಪಕರಣ ಈ ಕೆಲಸವನ್ನು ತಾನೇ ಮಾಡಬಲ್ಲದು, ಆದರೆ ಅದಕ್ಕೆ ಫೋರ್ಟ್ರಾನ್ ವ್ಯಾಕರಣ ತಿಳಿಯದು. ಅದು ಕತ್ತರಿಸುತ್ತ ಹೋದಂತೆ ಸರಿಯಾದ ಕೋಡಿನ ಕ್ರ್ಯಾಶ್ ತಪ್ಪು ಕೋಡಿನ ಕ್ರ್ಯಾಶ್ ಆಗಿಬಿಡುತ್ತದೆ. ‘ಹಳೆಯ ಕಂಪೈಲರ್ ಈ ಫೈಲನ್ನು ಒಪ್ಪಲೇಬೇಕು’ ಎಂಬ ಷರತ್ತನ್ನೂ ಅದಕ್ಕೆ ಕೊಡಿ.

ಬಿಲ್ಡ್‌ಗೆ ಸಿ ಮತ್ತು ಫೋರ್ಟ್ರಾನ್ ಭಾಷೆಗಳಷ್ಟೇ ಸಾಕು. ಬೂಟ್‌ಸ್ಟ್ರ್ಯಾಪ್ (ಕಂಪೈಲರ್ ತನ್ನನ್ನೇ ಮತ್ತೆ ಕಂಪೈಲ್ ಮಾಡಿಕೊಳ್ಳುವುದು), ಮಲ್ಟಿಲಿಬ್ (ಲೈಬ್ರರಿಗಳನ್ನು ಹಲವು ಬಗೆಯಲ್ಲಿ ಬಿಲ್ಡ್ ಮಾಡುವುದು) ಎರಡೂ ಬೇಡ. ಕಂಪೈಲ್ ಮಾಡುವಾಗಲೇ ಕ್ರ್ಯಾಶ್ ಆಗುವುದಾದರೆ ‘ಮೇಕ್ ಆಲ್-ಜಿಸಿಸಿ’ವರೆಗೆ ಹೋದರಾಯಿತು, ನಮಗೆ ಬೇಕಾದ ಎಫ್951 (ಫೋರ್ಟ್ರಾನ್ ಕೋಡನ್ನು ನಿಜವಾಗಿ ಕಂಪೈಲ್ ಮಾಡುವ ಪ್ರೋಗ್ರಾಂ) ಅಲ್ಲಿಗೇ ಸಿದ್ಧ. 1,000 ಕಮಿಟ್‌ಗಳ ನಡುವೆ ಹುಡುಕಲು ಸುಮಾರು 10 ಬಿಲ್ಡ್ ಹಿಡಿಯುತ್ತದೆ.

ಬೈಸೆಕ್ಟ್ ಹಾದಿ ತಪ್ಪುವುದು ಹೆಚ್ಚಾಗಿ ಪ್ರತಿ ಬಿಲ್ಡ್ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಪು ಕೊಡುವ ಸ್ಕ್ರಿಪ್ಟ್‌ನಲ್ಲಿ. ಎಫ್951 ಕ್ರ್ಯಾಶ್ ಆದರೆ 4, ಸಾಮಾನ್ಯ ದೋಷಕ್ಕೆ 1 ಹಿಂದಿರುಗಿಸುತ್ತದೆ. ಆ ಸ್ಕ್ರಿಪ್ಟನ್ನು ಓಡಿಸುವ ‘ಗಿಟ್ ಬೈಸೆಕ್ಟ್ ರನ್’ ಇವೆರಡನ್ನೂ ‘ಕೆಟ್ಟದ್ದು’ ಎಂದೇ ಓದುತ್ತದೆ. ಹಾಗೆಂದು ಕ್ರ್ಯಾಶ್ ಸಂದೇಶವನ್ನು ಮಾತ್ರ ಗ್ರೆಪ್ ಮಾಡಿದರೆ (ಔಟ್‌ಪುಟ್ಟಿನಲ್ಲಿ ಹುಡುಕಿದರೆ) ಇನ್ನೊಂದು ಕಡೆ ಏಟು ಬೀಳುತ್ತದೆ. ಉದಾಹರಣೆಗೆ, ಐಇಇಇ_ಅರಿತ್‌ಮೆಟಿಕ್ ಮಾಡ್ಯೂಲ್ ತಯಾರಾಗುವುದು ಲಿಬ್‌ಜಿಫೋರ್ಟ್ರಾನ್ ಎಂಬ ರನ್‌ಟೈಮ್ ಲೈಬ್ರರಿಯ ಜೊತೆಗೆ. ಆಲ್-ಜಿಸಿಸಿ ಬಿಲ್ಡಿನಲ್ಲಿ ಅದು ಇರುವುದಿಲ್ಲ, ‘ಮಾಡ್ಯೂಲ್ ತೆರೆಯಲಾಗಲಿಲ್ಲ’ ಎಂದು ಕಂಪೈಲರ್ ಅಲ್ಲೇ ನಿಲ್ಲುತ್ತದೆ, ಸ್ಕ್ರಿಪ್ಟ್ ಅದನ್ನೇ ‘ಒಳ್ಳೆಯದು’ ಎಂದು ಬರೆದುಕೊಳ್ಳುತ್ತದೆ. ಹೀಗಾಗಿ ಮೂರು ಉತ್ತರ ಇಡುತ್ತೇನೆ: ಕ್ರ್ಯಾಶ್ ಸಂದೇಶ ಕಂಡರೆ 1 (ಕೆಟ್ಟದ್ದು), ತಕರಾರಿಲ್ಲದೆ ಕಂಪೈಲ್ ಆದರೆ 0 (ಒಳ್ಳೆಯದು), ಬಿಲ್ಡ್ ವಿಫಲವಾದದ್ದೂ ಸೇರಿ ಮಿಕ್ಕಿದ್ದಕ್ಕೆಲ್ಲ 125, ಅಂದರೆ ‘ಇದನ್ನು ಬಿಟ್ಟು ಮುಂದೆ ಹೋಗು’. ಕೋಡೇ ತಪ್ಪಿದ್ದು ದೋಷಸಂದೇಶ ಬರಬೇಕಾದ ಪ್ರಕರಣವಾದರೆ, ಆ ಸಂದೇಶದ ನಿಖರ ಪಠ್ಯ ಸಿಕ್ಕಾಗ 0.

ಸಿಕ್ಕ ಕಮಿಟ್ಟೇ ಅಪರಾಧಿ ಎಂದು ತಕ್ಷಣ ನಂಬಬೇಡಿ. ಸಂಬಂಧವಿಲ್ಲದ ಒಂದು ಡಿಕ್ಲರೇಷನ್ ಸೇರಿಸಿದೊಡನೆ ಕ್ರ್ಯಾಶ್ ಮಾಯವಾದರೆ ನನ್ನ ಅನುಮಾನ ಮೆಮೊರಿಯ ಮೇಲೆ. ಜಿಫೋರ್ಟ್ರಾನ್ ಪಾರ್ಸರ್ ಒಂದು ಸಾಲನ್ನು ಹಲವು ಬಗೆಯಲ್ಲಿ ಹೊಂದಿಸಿ ನೋಡುತ್ತದೆ. ಹೊಂದದಿದ್ದರೆ ಆಗಷ್ಟೇ ಮಾಡಿದ ಸಿಂಬಲ್‌ಗಳನ್ನು (ಕೋಡಿನ ಹೆಸರುಗಳ ದಾಖಲೆಗಳನ್ನು) ಅಳಿಸುತ್ತದೆ. ಅಳಿಸಿದ ಸಿಂಬಲ್ಲಿಗೆ ಎಲ್ಲೋ ಒಂದು ಪಾಯಿಂಟರ್ ಉಳಿದರೆ, ಕ್ರ್ಯಾಶ್ ಆಗುವುದೂ ಬಿಡುವುದೂ ಆ ಜಾಗದಲ್ಲಿ ಮುಂದೆ ಏನು ಬಂದು ಕೂರುತ್ತದೆ ಎಂಬುದರ ಮೇಲೆ. ಕ್ರ್ಯಾಶ್ ಆಗದ ಹಳೆಯ ಎಫ್951 ಅನ್ನೂ ಮೆಮೊರಿ ತಪ್ಪು ಹಿಡಿಯುವ ವಾಲ್‌ಗ್ರಿಂಡ್ ಅಡಿ ಓಡಿಸಿ. ‘ಇನ್‌ವ್ಯಾಲಿಡ್ ರೀಡ್’ (ಓದಬಾರದ ಮೆಮೊರಿ ಓದಿದ ದೂರು) ಅಲ್ಲೂ ಕಂಡರೆ ದೋಷ ಹಳೆಯದು, ಬೈಸೆಕ್ಟ್ ತೋರಿಸಿದ್ದು ಅದನ್ನು ಹೊರಗೆಡವಿದ ಕಮಿಟ್ ಮಾತ್ರ. ಬಗ್‌ಜಿಲ್ಲಾ (ಜಿಸಿಸಿ ದೋಷಗಳನ್ನು ದಾಖಲಿಸುವ ತಾಣ) ವರದಿಯಲ್ಲಿ ಕಮಿಟ್ ಹ್ಯಾಶ್ (ಕಮಿಟ್‌ನ ಗುರುತು) ಪಕ್ಕದಲ್ಲೇ ಈ ವಾಲ್‌ಗ್ರಿಂಡ್ ಔಟ್‌ಪುಟ್ಟನ್ನೂ ಹಾಕಿ.