ಬಾಗಿಲು ಹಾಕಿದ ಮನೆಯಲ್ಲಿ ಮಕ್ಕಳ ದಿನ ಕಟ್ಟುವುದು ಹೇಗೆ?

ಕೋವಿಡ್ ಎರಡನೇ ಅಲೆಯಲ್ಲಿ, 2021ರ ಮೇ 10ರಿಂದ ಕರ್ನಾಟಕದಲ್ಲಿ ಮತ್ತೆ ಲಾಕ್‌ಡೌನ್ ಆಗಿತ್ತು. ದಿನಸಿ, ತರಕಾರಿಗೆ ಬೆಳಿಗ್ಗೆ 6ರಿಂದ 10 ಗಂಟೆ. ಆಮೇಲೆ ಬೀದಿಯೆಲ್ಲ ಬಿಕೋ. 1ರಿಂದ 5ನೇ ತರಗತಿಗಳಂತೂ 2020ರ ಮಾರ್ಚ್‌ನಲ್ಲಿ ಮುಚ್ಚಿದ್ದು ಆಗಲೂ ತೆರೆದಿರಲಿಲ್ಲ. ಎರಡು ಕೋಣೆಯ ಮನೆ, ಮೂರು ಮತ್ತು ಆರು ವರ್ಷದ ಇಬ್ಬರು ಮಕ್ಕಳು, ಲ್ಯಾಪ್‌ಟಾಪ್ ಮುಂದೆ ಒಬ್ಬರು, ಒಲೆ ಮುಂದೆ ಒಬ್ಬರು. ಇಂಥ ಮನೆಗೆಂದೇ ಈ ಬರಹ.

ಟೈಂಟೇಬಲ್ ಬೇಡ, ಮೂರು ಗೂಟ ಸಾಕು

ಗೋಡೆಗೆ ಅಂಟಿಸಿದ ಬಣ್ಣಬಣ್ಣದ ವೇಳಾಪಟ್ಟಿ ಸಾಮಾನ್ಯವಾಗಿ ಮೂರನೇ ದಿನಕ್ಕೆ ಸಾಯುತ್ತದೆ. ಹತ್ತು ಗಂಟೆಯ ಕೆಲಸ ಹತ್ತೂವರೆಗೆ ಜಾರಿದರೆ ಮುಂದಿನದೆಲ್ಲ ಜಾರುತ್ತದೆ, ಆಮೇಲೆ ಅದನ್ನು ಯಾರೂ ನೋಡುವುದಿಲ್ಲ. ಊಟ, ಸ್ನಾನ, ನಿದ್ದೆ ಈ ಮೂರರ ಹೊತ್ತನ್ನು ಮಾತ್ರ ಗಟ್ಟಿ ಮಾಡಿಕೊಳ್ಳಿ. ನಡುವಿನದು ಹೇಗಾದರೂ ಹರಿಯಲಿ.

ಸ್ನಾನವನ್ನು ಬೆಳಿಗ್ಗೆಯಿಂದ ಸಂಜೆ ಐದಕ್ಕೆ ಸರಿಸಿ ನೋಡಿ. ಮಕ್ಕಳು ರಚ್ಚೆ ಹಿಡಿಯುವುದು ಆ ಹೊತ್ತಿಗೇ, ದೊಡ್ಡವರಿಗೆ ತಾಳ್ಮೆ ಕೆಡುವುದೂ ಆಗಲೇ. ಎರಡು ಬಕೆಟ್ ಇಟ್ಟು ಒಂದರ ನೀರನ್ನು ಮಗ್‌ನಲ್ಲಿ ಇನ್ನೊಂದಕ್ಕೆ ತುಂಬಿಸಲು ಹೇಳಿದರೆ ಇಪ್ಪತ್ತು ನಿಮಿಷ ಸದ್ದಿಲ್ಲ. ಆದರೆ ಬಚ್ಚಲ ಬಾಗಿಲಲ್ಲಿ ದೊಡ್ಡವರೊಬ್ಬರು ಕೂತಿರಲೇಬೇಕು. ನೀರಿರುವ ಬಕೆಟ್ಟಿನ ಹತ್ತಿರ ಮೂರು ವರ್ಷದ ಮಗುವನ್ನು ಒಂದು ನಿಮಿಷಕ್ಕೂ ಒಂಟಿ ಬಿಡುವಂತಿಲ್ಲ.

3–4 ವರ್ಷದವರಿಗೆ ಹಗಲ ನಿದ್ದೆಯೂ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕು, ದಿನಕ್ಕೆ 180 ನಿಮಿಷ ಮೈ ಆಡಿಸಬೇಕು, ಅದರಲ್ಲಿ 60 ನಿಮಿಷವಾದರೂ ಏದುಸಿರು ಬರುವಂತೆ ಆಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ. ಮೈ ದಣಿಯದಿದ್ದರೆ ರಾತ್ರಿ ಹನ್ನೊಂದಾದರೂ ಕಣ್ಣು ಮುಚ್ಚುವುದಿಲ್ಲ. ಹಜಾರದ ಈ ಗೋಡೆಯಿಂದ ಆ ಗೋಡೆಗೆ ಕಪ್ಪೆ ಕುಪ್ಪಳ, ನೆಲಕ್ಕೆ ಸೀಮೆಸುಣ್ಣದ ಕುಂಟೆಬಿಲ್ಲೆ ಸಾಕು. ಕೆಳಗಿನ ಮನೆಯವರು ಬೈಯದಂತೆ ಜಮಖಾನ ಹಾಸಿಕೊಳ್ಳಿ.

ಮೀಟಿಂಗ್‌ಗೆ ಮೊದಲಿನ ಇಪ್ಪತ್ತು ನಿಮಿಷ

ಎಲ್ಲರೂ ಇಲ್ಲೇ ಎಡವುವುದು. ಹನ್ನೊಂದಕ್ಕೆ ಮೀಟಿಂಗ್ ಎಂದರೆ ಹತ್ತೂ ಐವತ್ತೈದಕ್ಕೆ ‘ಗಲಾಟೆ ಮಾಡಬೇಡಿ’ ಎಂದು ಗದರಿ ಬಾಗಿಲು ಹಾಕಿಕೊಳ್ಳುತ್ತಾರೆ. ಐದೇ ನಿಮಿಷಕ್ಕೆ ಬಾಗಿಲು ಬಡಿತ. ಬೆಳಗಿನಿಂದ ಕಣ್ಣೆದುರೇ ಇದ್ದೂ ಕೈಗೆ ಸಿಗದ ಅಪ್ಪನನ್ನೋ ಅಮ್ಮನನ್ನೋ ಮಗು ಹೇಗೆ ಬಿಟ್ಟೀತು? ಹತ್ತೂ ಮೂವತ್ತೈದಕ್ಕೆ ಫೋನ್ ಬೇರೆ ಕೋಣೆಯಲ್ಲಿಟ್ಟು ನೆಲದ ಮೇಲೆ ಕೂರಿ. ಇಪ್ಪತ್ತು ನಿಮಿಷ ಮಗು ಹೇಳಿದ ಆಟ ಆಡಿ, ಅದು ಹೊಟ್ಟೆ ತುಂಬಿದಂತೆ. ಆಮೇಲೆ ಗಡಿಯಾರದ ದೊಡ್ಡ ಮುಳ್ಳು ಎಲ್ಲಿಗೆ ಬಂದಾಗ ಹೊರಗೆ ಬರುತ್ತೀರೆಂದು ತೋರಿಸಿ. ಹೇಳಿದ ಹೊತ್ತಿಗೆ ಬರಬೇಕು. ಎರಡು ಸಲ ತಪ್ಪಿದರೆ ಮೂರನೇ ಸಲ ಮಗು ನಂಬುವುದಿಲ್ಲ.

ಆಟಿಕೆಗಳನ್ನು ಮೂರು ಚೀಲ ಮಾಡಿ, ಒಂದನ್ನೇ ಬಿಚ್ಚಿ, ಎರಡನ್ನು ಅಟ್ಟಕ್ಕೆ ಹಾಕಿ. ನಾಲ್ಕು ದಿನಕ್ಕೊಮ್ಮೆ ಚೀಲ ಬದಲಿಸಿದರೆ ಹಳೆಯದೇ ಹೊಸದಾಗುತ್ತದೆ.

ಅಡುಗೆಮನೆಯಲ್ಲೂ ಕೆಲಸ ಕೊಡಿ. ಚಿಕ್ಕದಕ್ಕೆ ಕರಿಬೇವಿನ ಎಲೆ ಬಿಡಿಸುವುದು. ದೊಡ್ಡದಕ್ಕೆ, ಉಗುರು ಬೆಚ್ಚಗಿನ ನೀರಲ್ಲಿ ನೆನೆಸಿದ ಬೆಳ್ಳುಳ್ಳಿ ಸುಲಿಯುವುದು. ಮೆಣಸಿನಕಾಯಿ ತೊಟ್ಟು ಮಾತ್ರ ಬೇಡ, ಆ ಕೈ ಕಣ್ಣಿಗೆ ಹೋಗದೆ ಇರುವುದಿಲ್ಲ.

ಆಟದ ಹಿಟ್ಟು

ಎರಡು ಲೋಟ ಮೈದಾ, ಒಂದು ಲೋಟ ಪುಡಿ ಉಪ್ಪು, ಎರಡು ದೊಡ್ಡ ಚಮಚ ಎಣ್ಣೆ. ಮುಕ್ಕಾಲು ಲೋಟ ಬಿಸಿನೀರನ್ನು ಸ್ವಲ್ಪಸ್ವಲ್ಪವೇ ಹಾಕುತ್ತ, ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ಐದು ನಿಮಿಷ ನಾದಿ. ಹುಳ ಹಿಡಿಯಲು ಶುರುವಾದ ಮೈದಾ ಇದ್ದರೆ ಜರಡಿ ಹಿಡಿದು ಇದಕ್ಕೇ ಬಳಸಿ. ಬಣ್ಣಕ್ಕೆ ಬೀಟ್‌ರೂಟ್ ರಸ, ಅರಿಶಿನ. ಅರಿಶಿನದ ಉಂಡೆಗೆ ಚಿಟಿಕೆ ಅಡುಗೆ ಸೋಡ ಸೇರಿಸಿ ನಾದಿದರೆ ಕೆಂಪಗೆ ತಿರುಗುತ್ತದೆ. ಆರು ವರ್ಷದವರ ಮುಂದೆ ಇದನ್ನು ಮಾಡಿ ತೋರಿಸಿ, ಮುಖ ನೋಡಿ.

ಹಿಟ್ಟು ಬಿರುಕು ಬಿಟ್ಟರೆ ನೀರು ಕಡಿಮೆ. ಕೈ ಒದ್ದೆ ಮಾಡಿಕೊಂಡು ಮತ್ತೆ ನಾದಿ. ಮಂಗಳೂರು, ಕಾರವಾರದ ಕಡೆ ಮಾರನೇ ದಿನ ಅಂಟಂಟಾಗುತ್ತದೆ, ಉಪ್ಪು ಗಾಳಿಯ ತೇವ ಎಳೆದುಕೊಳ್ಳುವುದರಿಂದ. ಒಂದು ಚಮಚ ಒಣ ಹಿಟ್ಟು ಸೇರಿಸಿದರೆ ಸರಿಹೋಗುತ್ತದೆ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಟ್ಟರೆ ಒಂದು ವಾರಕ್ಕೆ ತೊಂದರೆಯಿಲ್ಲ. ಉಪ್ಪು ಇಷ್ಟಿರುವುದರಿಂದ ತಿಂದರೆ ಅಪಾಯ. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸಿನ ಮಗುವಿಗೆ ಕೊಡಬೇಡಿ.

ಮೊಬೈಲ್

2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅದೇ ಮಾರ್ಗಸೂಚಿಯ ಮಾತು. ಪೂರ್ತಿ ಬಂದ್ ಮಾಡಹೊರಟರೆ ಸೋಲುವವರು ನೀವೇ. ನಿಮಗೆ ತೀರಾ ಅಗತ್ಯವಿರುವ ಹೊತ್ತಿಗೇ ಆ ಒಂದು ಗಂಟೆಯನ್ನು ಎತ್ತಿಡಿ. ವಿಡಿಯೊ ತಾನಾಗಿ ಮುಂದಿನದಕ್ಕೆ ಹೋಗುವ ಸೆಟ್ಟಿಂಗ್ ಆಫ್ ಮಾಡಿ. ಜಗಳ ಶುರುವಾಗುವುದು ವಿಡಿಯೊದ ನಡುವೆ ಕಿತ್ತುಕೊಂಡಾಗಲೇ. ಊರಿನ ಅಜ್ಜಿ ಜೊತೆಗಿನ ವಿಡಿಯೊ ಕಾಲ್ ಲೆಕ್ಕಕ್ಕೆ ಹಿಡಿಯಬೇಡಿ. ಸಾವಿನ ಸಂಖ್ಯೆ ಓಡಿಸುವ ನ್ಯೂಸ್ ಚಾನೆಲ್ ಮಾತ್ರ ಮಕ್ಕಳು ಮಲಗುವವರೆಗೆ ಬೇಡವೇ ಬೇಡ.

ಸಂಜೆಗೆ ಚೌಕಾಬಾರ

ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದಕ್ಕೈದು, ಒಟ್ಟು 25 ಮನೆ ಬರೆಯಿರಿ. ನಾಲ್ಕು ಬದಿಯ ನಡುಮನೆಗಳಿಗೂ ಮಧ್ಯದ ಮನೆಗೂ ಅಡ್ಡಗೆರೆ ಹಾಕಿ. ಅಲ್ಲಿ ಕೂತ ಕಾಯನ್ನು ಕಡಿಯುವಂತಿಲ್ಲ, ಅಂದರೆ ಹೊಡೆದು ಮೊದಲ ಮನೆಗೆ ಕಳಿಸುವಂತಿಲ್ಲ. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆಬೀಜ ತಂದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದು ಮಗ್ಗುಲನ್ನು ಬಿಳಿ ಬರುವವರೆಗೆ ತೇಯಿರಿ. ಹುರಿದ ಬೀಜ ಬೇಡ, ಎರಡೂ ಕಡೆ ಸಿಪ್ಪೆ ಎದ್ದುಬಿಡುತ್ತದೆ. ಬೆರಳು ಬಿಸಿಯಾದರೆ ಹನಿ ನೀರು ಹಾಕಿ, ಹೆಚ್ಚಾದರೆ ಬೀಜ ಜಾರುತ್ತದೆ. ತೇಯ್ದ ಮೇಲೆ ಹತ್ತು ಸಲ ಎಸೆದು ನೋಡಿ. ಒಂದೇ ಮಗ್ಗುಲು ಬೀಳುವ ಬೀಜ ಬಿಸಾಡಿ, ಬೇರೆ ತೇಯಿರಿ.

ಬಿಳಿ ಎಷ್ಟೋ ಅಷ್ಟು ಮನೆ ನಡೆ. ನಾಲ್ಕೂ ಬಿಳಿಯಾದರೆ ಚೌಕ, 4. ನಾಲ್ಕೂ ಕಪ್ಪಾದರೆ ಬಾರ, 8. ಎರಡಕ್ಕೂ ಇನ್ನೊಂದು ಆಟ. ತನ್ನ ಬದಿಯ ಅಡ್ಡಗೆರೆಯ ಮನೆ, ಅಂದರೆ ಕಟ್ಟೆಯಿಂದ ಹೊರಟ ಕಾಯಿ ಹೊರಸುತ್ತಿನ 16 ಮನೆಗಳ ದಾರಿ ಮುಗಿಸಿ, ಎದುರು ದಿಕ್ಕಿಗೆ ತಿರುಗಿ ಒಳಸುತ್ತಿನ 8 ಮನೆ ಬಳಸಿ ಮಧ್ಯದ ಮನೆಗೆ ಬಂದರೆ ಹಣ್ಣು, ಅದರ ಆಟ ಮುಗಿಯಿತು. ಒಬ್ಬರಿಗೆ ನಾಲ್ಕು ಕಾಯಿ ಎಂಬುದು ನಿಯಮ, ಆರು ವರ್ಷದವರಿಗೆ ಎರಡೇ ಸಾಕು. ನಾಲ್ಕಾದರೆ ಆಟ ಒಂದು ಗಂಟೆ ಎಳೆದು, ಕಡಿಸಿಕೊಂಡವರು ಹಲಗೆಯನ್ನೇ ಅಳಿಸಿ ಎದ್ದು ಹೋಗುತ್ತಾರೆ. ‘ಒಂದು ಕಾಯಿ ಕಡಿಯದೆ ಒಳಗೆ ಹೋಗುವಂತಿಲ್ಲ’ ಎಂಬ ನಿಯಮವನ್ನೂ ಮೊದಲ ವಾರ ಕೈಬಿಡಿ.

ಮೂರು ವರ್ಷದ್ದು ಸುಮ್ಮನಿರುವುದಿಲ್ಲ, ಅದಕ್ಕೂ ಕೆಲಸ ಬೇಕು. ಬೀಜಗಳನ್ನು ನೀವೇ ಸ್ಟೀಲ್ ಲೋಟಕ್ಕೆ ಹಾಕಿ ಕೊಟ್ಟರೆ ಎಲ್ಲರ ಪರವಾಗಿ ಕುಲುಕಿ ಸುರಿಯುತ್ತದೆ. ಬರಿಗೈಗೆ ಕೊಡಬೇಡಿ, ಹುಣಸೆಬೀಜ ಮೂಗಿನೊಳಗೆ ಸಲೀಸಾಗಿ ಹೋಗುತ್ತದೆ, ಅದಕ್ಕಾಗಿ ಆಸ್ಪತ್ರೆಗೆ ಓಡುವುದು ಯಾರಿಗೂ ಬೇಡ. ಆಟ ಮುಗಿದ ತಕ್ಷಣ ನಾಲ್ಕೂ ಬೀಜ ಎಣಿಸಿ, ಕಡಲೆಬೇಳೆ ಡಬ್ಬಿಯ ಪಕ್ಕ, ಮೇಲಿನ ಶೆಲ್ಫಿಗೆ.