ಇದ್ದ ಮನೆ ಬಾಡಿಗೆಗೆ ಕೊಟ್ಟ ಮೇಲೆ ಆದಾಯ ತೆರಿಗೆ ಲೆಕ್ಕ

ಅಮ್ಮ ಮೈಸೂರಿನ ಸರಸ್ವತಿಪುರಂನಲ್ಲಿ ಒಬ್ಬರೇ ಇರೋದು ಕಷ್ಟ ಆಯ್ತು. ನಾವು ಅಲ್ಲಿಗೆ ಹೋದೆವು, ಕುವೆಂಪುನಗರದ ನಮ್ಮ ಮನೆಯನ್ನು ತಿಂಗಳಿಗೆ 18,000ಕ್ಕೆ ಬಾಡಿಗೆಗೆ ಕೊಟ್ಟೆವು. ನಿಮ್ಮ ಮನೆಯಲ್ಲೂ ಹೀಗೆ ಆಗಿದ್ದರೆ, ಮೊದಲು ಕಂದಾಯದ ರಸೀದಿ ಹುಡುಕಿಟ್ಟುಕೊಳ್ಳಿ.

ಯಾಕೆ ಅಂದ್ರೆ ಲೆಕ್ಕ ಶುರುವಾಗೋದೇ ಅಲ್ಲಿಂದ. ನಮಗೆ ವರ್ಷಕ್ಕೆ ಬಾಡಿಗೆ 2,16,000. ಪಾಲಿಕೆಗೆ ಕಟ್ಟಿದ ಕಂದಾಯ 6,000. ಅದನ್ನು ಕಳೆದರೆ 2,10,000. ಇದರಲ್ಲಿ ನೂರಕ್ಕೆ 30, ಅಂದರೆ 63,000, ರಿಪೇರಿ ಗಿಪೇರಿ ಅಂತ ಸರ್ಕಾರವೇ ಬಿಡುತ್ತದೆ. ಉಳಿದ 1,47,000 ನಮ್ಮ ಬೇರೆ ಆದಾಯದ ಜೊತೆ ಸೇರುತ್ತದೆ.

ಕಂದಾಯವನ್ನು ಮನೆ ಯಜಮಾನರೇ ಕಟ್ಟಿರಬೇಕು, ಅದೂ ಅದೇ ಆರ್ಥಿಕ ವರ್ಷದೊಳಗೆ. ನಾನು ಒಂದು ಸಲ ಮಾರ್ಚ್‌ನಲ್ಲಿ ಕಟ್ಟಬೇಕಾದ್ದನ್ನು ಏಪ್ರಿಲ್ 3ಕ್ಕೆ ಕಟ್ಟಿದೆ. ಆ ವರ್ಷದ ಲೆಕ್ಕಕ್ಕೆ ಅದು ಬರಲೇ ಇಲ್ಲ, ಮುಂದಿನ ವರ್ಷಕ್ಕೆ ಹೋಯಿತು. ಈಗ ಹೊಸ ವರ್ಷದ ಕಂದಾಯವನ್ನು ಏಪ್ರಿಲ್‌ನಲ್ಲೇ ಕಟ್ಟಿಬಿಡುತ್ತೇನೆ. 5% ರಿಯಾಯಿತಿಯೂ ಸಿಗುತ್ತದೆ, ರಸೀದಿಯೂ ಕೈಯಲ್ಲಿರುತ್ತದೆ. ಬಾಡಿಗೆಯವರು ಕಟ್ಟಿದರೆ ನಾವು ಕಳೆಯುವ ಹಾಗಿಲ್ಲ.

ಬಾಡಿಗೆಗೆ ಕೊಡೋ ಮೊದಲು ಸುಣ್ಣ ಬಣ್ಣ, ಸಂಪ್ ಮೋಟರ್, ಬಚ್ಚಲಿನ ನಲ್ಲಿ ಅಂತ 40,000 ಖರ್ಚಾಯಿತು. ಬಿಲ್ಲುಗಳನ್ನೆಲ್ಲ ಪಂಚಾಂಗದೊಳಗೆ ಜೋಪಾನವಾಗಿ ಇಟ್ಟಿದ್ದೆ. ಆಡಿಟರ್ ಅವನ್ನು ಹಾಗೇ ವಾಪಸ್ ಕೊಟ್ಟರು. ಆ 30ರೊಳಗೇ ಎಲ್ಲ ಬಂತು ಕಣಮ್ಮ, ಪೇಂಟಿಂಗ್‌ಗೆ ಬೇರೆ ಕಳೆಯೋಕಾಗಲ್ಲ ಅಂದರು. ಖರ್ಚು ಒಂದು ರೂಪಾಯಿ ಇಲ್ಲದಿದ್ದರೂ ಆ 30 ಸಿಗುತ್ತದೆ, ಅದು ಸಮಾಧಾನ.

ಮನೆ ಸಾಲ ಇದ್ದರೆ ಬಡ್ಡಿಯನ್ನೂ ಬಾಡಿಗೆ ಆದಾಯದಲ್ಲೇ ಕಳೆಯಬಹುದು, ಅಸಲನ್ನಲ್ಲ. ಬಡ್ಡಿ ಜಾಸ್ತಿಯಾಗಿ ನಷ್ಟ ಬಂದರೆ, ಆದಾಯ ತೆರಿಗೆಯ ಹಳೇ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಸಂಬಳದಂಥ ಬೇರೆ ಆದಾಯದಿಂದ ಕಳೆಯಬಹುದು. ಹೊಸ ಪದ್ಧತಿಯಲ್ಲಿ ಆ ಅನುಕೂಲ ಇಲ್ಲ. ಸಾಲ ಇರುವವರು ಎರಡನ್ನೂ ಲೆಕ್ಕ ಹಾಕಿಯೇ ಆರಿಸಿಕೊಳ್ಳಿ.

ಮನೆ ಬಿಡುವಾಗ ವಾಪಸ್ ಕೊಡಬೇಕಾದ ಅಡ್ವಾನ್ಸ್ ಆದಾಯ ಅಲ್ಲ. ಬಾಡಿಗೆಯನ್ನು ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ. ನಮ್ಮ ಬಾಡಿಗೆಯ ಹುಡುಗ ಕಂಪನಿಯಲ್ಲಿ ಎಚ್‌ಆರ್‌ಎ (ಸಂಬಳದಲ್ಲಿ ಬರೋ ಮನೆ ಬಾಡಿಗೆ ಭತ್ಯೆ) ತೋರಿಸೋಕೆ ನನ್ನ ಪಾನ್ ನಂಬರ್ ಕೇಳಿದ. ಬಾಡಿಗೆ ವರ್ಷಕ್ಕೆ 1 ಲಕ್ಷ ದಾಟಿದರೆ ಅದನ್ನು ಕೊಡಲೇಬೇಕಾಗುತ್ತದಂತೆ. ಅವತ್ತೇ ಕೊಟ್ಟೆ, ತಿಂಗಳ ಬಾಡಿಗೆ ರಸೀದಿಗಳ ಜೊತೆಗೆ.